ಉಜನಿಯ ಲೆಕ್ಕ, ಸರ್ವರಿನ ಲೆಕ್ಕ

ಅಕ್ಕಲಕೋಟ ತಾಲ್ಲೂಕಿನ ಯಾವ ಊರಿನ ಮಹಾ ಇ-ಸೇವಾ ಕೇಂದ್ರಕ್ಕೆ ಹೋದರೂ ಒಂದು ಮಾತು ಕಿವಿಗೆ ಬೀಳದೆ ಇರುವುದಿಲ್ಲ: ‘ಸರ್ವರ್ ಡೌನ್ ಐತ್ರಿ, ಮಧ್ಯಾಹ್ನ ಬರ್ರಿ.’ ಸಾತಬಾರಾ ಉತಾರಾ ಬೇಕಾದವರು, ಬೆಳೆವಿಮೆ ತುಂಬಲು ಬಂದವರು, ಮಗಳ ಜಾತಿ ಪ್ರಮಾಣಪತ್ರಕ್ಕೆ ಅಲೆಯುವವರು ಗೊಣಗುತ್ತ ಚಹಾದಂಗಡಿಯ ಕಡೆ ನಡೆಯುತ್ತಾರೆ. 2018ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಡಿಜಿಟಲ್ ಸಹಿಯ ಸಾತಬಾರಾ ಸಿಗತೊಡಗಿದ ಮೇಲೆ ತಲಾಠಿಯ ಬಾಗಿಲು ಕಾಯುವುದು ಕಡಿಮೆಯಾಗಿದೆ. ಕಾಯುವುದೇನೂ ತಪ್ಪಿಲ್ಲ, ಕಾಯಿಸುವವರು ಬದಲಾಗಿದ್ದಾರೆ ಅಷ್ಟೇ.

ಸರ್ವರ್ ಎಂದರೆ ಮುಂಬಯಿಯಲ್ಲೋ ಪುಣೆಯಲ್ಲೋ ಎಸಿ ಹಾಕಿದ ಕೋಣೆಯಲ್ಲಿ ಕುಳಿತ ಒಂದು ದೊಡ್ಡ ಯಂತ್ರ ಎಂದು ನಾವೆಲ್ಲ ಕಲ್ಪಿಸಿಕೊಂಡಿರುತ್ತೇವೆ. ಇಪ್ಪತ್ತು ವರ್ಷದ ಹಿಂದೆ ಅದು ಸರಿಯೇ ಇತ್ತು. ಈಗ ನಾವು ಸರ್ವರ್ ಎನ್ನುವುದು ಬಹುಪಾಲು ಕಡೆ ಯಂತ್ರದೊಳಗೆ ಓಡುವ ಇನ್ನೊಂದು ಯಂತ್ರ. ಅದನ್ನು ಕೈಯಲ್ಲಿ ಮುಟ್ಟಲಾಗದು. ಅದು ಒಂದು ಪ್ರೋಗ್ರಾಮು. ಅದರ ಹೆಸರು ವರ್ಚುವಲ್ ಮಷೀನ್, ಕಂಪ್ಯೂಟರಿನವರ ಬಾಯಲ್ಲಿ ವಿಎಂ. ಕೇಂದ್ರ ಸರ್ಕಾರ 2014ರಲ್ಲಿ ‘ಮೇಘರಾಜ್’ ಹೆಸರಿನಲ್ಲಿ ತೆರೆದ ಕ್ಲೌಡ್ ಇರಲಿ, ಅಮೆಜಾನ್ 2016ರಲ್ಲಿ ಮುಂಬಯಿಗೆ ತಂದ ಕ್ಲೌಡ್ ಇರಲಿ, ಒಳಗಿನ ಸರಕು ಇದೇ.

ಒಂದು ದೊಡ್ಡ ಯಂತ್ರದ ಮೇಲೆ ಇಂಥ ಹತ್ತಿಪ್ಪತ್ತು ವಿಎಂಗಳು ಒಟ್ಟಿಗೆ ಓಡುತ್ತವೆ. ಪ್ರತಿಯೊಂದರ ಒಳಗೂ ಒಂದು ಲಿನಕ್ಸೋ ವಿಂಡೋಸೋ ಇರುತ್ತದೆ, ಇಡೀ ಯಂತ್ರಕ್ಕೆ ತಾನೇ ಯಜಮಾನ ಎಂದು ತಿಳಿದುಕೊಂಡು. ಹಾಗೆ ತಿಳಿದುಕೊಂಡದ್ದನ್ನು ಗೆಸ್ಟ್ ಎನ್ನುತ್ತಾರೆ, ನಿಜವಾದ ಯಜಮಾನನನ್ನು ಹೋಸ್ಟ್ ಎನ್ನುತ್ತಾರೆ. ಪ್ರೊಸೆಸರನ್ನು ಗೆಸ್ಟ್‌ಗಳ ನಡುವೆ ಸರದಿಯ ಮೇಲೆ ಹಂಚುವುದು ಕಷ್ಟವಲ್ಲ: ಈ ಕ್ಷಣ ಇವನಿಗೆ, ಮರುಕ್ಷಣ ಅವನಿಗೆ. ಮೆಮೊರಿಯ ಮಾತು ಬೇರೆ. ಒಬ್ಬನ ಮಾಹಿತಿ ಕುಳಿತ ಜಾಗದಲ್ಲಿ ಇನ್ನೊಬ್ಬನದನ್ನು ಕೂರಿಸಲು ಬರುವುದಿಲ್ಲ. ಆದರೂ 64 ಜಿಬಿ ರ‍್ಯಾಮ್ ಇರುವ ಯಂತ್ರದ ಮೇಲೆ ತಲಾ 8 ಜಿಬಿಯ ಹತ್ತು ವಿಎಂಗಳನ್ನು ಓಡಿಸುವವರಿದ್ದಾರೆ. ಲೆಕ್ಕ ಹಾಕಿದರೆ 80 ಜಿಬಿ ಆಯಿತು. ಹೆಚ್ಚಿನ 16 ಜಿಬಿ ಎಲ್ಲಿಂದ ಬಂತು?

ಸೋಲಾಪುರದವರಿಗೆ ಇದನ್ನು ಹೇಳಲು ಉಜನಿ ಸಾಕು. ಭೀಮೆಗೆ ಕಟ್ಟಿದ ಆ ಅಣೆಕಟ್ಟಿನ ಒಟ್ಟು ಸಾಮರ್ಥ್ಯ ಸುಮಾರು 117 ಟಿಎಂಸಿ. ಬಳಕೆಯ ನೀರೆಂದು ಲೆಕ್ಕ ಹಿಡಿಯುವುದು ಅದರಲ್ಲಿ 53 ಟಿಎಂಸಿ ಚಿಲ್ಲರೆ. ಉಳಿದದ್ದು ಡೆಡ್ ಸ್ಟೋರೇಜ್. ಬಳಕೆಯ ನೀರು ತೀರಿದ ದಿನ ಪತ್ರಿಕೆಗಳಲ್ಲಿ ಉಜನಿ ಸೊನ್ನೆಗೆ ಬರುತ್ತದೆ, ಆಮೇಲೆ ‘ಮೈನಸ್’ಗೆ ಇಳಿಯುತ್ತದೆ. 2024ರ ಬೇಸಿಗೆಯಲ್ಲಿ ಅದು ಮೈನಸ್ ಶೇಕಡಾ 50ನ್ನೂ ದಾಟಿ ಇಳಿದಿತ್ತು. ಎಡದಂಡೆ, ಬಲದಂಡೆ ಕಾಲುವೆಗಳು, ಸಕ್ಕರೆ ಕಾರ್ಖಾನೆಗಳು, ಸೋಲಾಪುರ ನಗರ, ಎಲ್ಲರಿಗೂ ಕಾಗದದ ಮೇಲೆ ಪಾಲಿದೆ. ಎಲ್ಲರೂ ಒಂದೇ ಹೊತ್ತಿಗೆ ಪೂರ್ತಿ ಪಾಲು ಎಳೆಯಲಾರರು ಎಂಬ ನಂಬಿಕೆಯ ಮೇಲೆ ನಾಲ್ಕು ಒಳ್ಳೆಯ ವರ್ಷ ಕಳೆಯುತ್ತವೆ. ಐದನೆಯ ವರ್ಷ ಮಳೆ ಕೈಕೊಟ್ಟಾಗ ಎಲ್ಲರೂ ಒಟ್ಟಿಗೆ ಎಳೆಯುತ್ತಾರೆ. ವಿಎಂಗೆ ಕೊಟ್ಟ 8 ಜಿಬಿಯೂ ಹೀಗೆ ಕಾಗದದ ಮೇಲಿನ ಪಾಲು. ಇದ್ದದ್ದಕ್ಕಿಂತ ಹೆಚ್ಚು ಪಾಲು ಬರೆದುಕೊಡುವುದಕ್ಕೆ ಈ ಕಸುಬಿನಲ್ಲಿ ‘ಓವರ್‌ಕಮಿಟ್’ ಎಂದು ಹೆಸರು.

ಇದನ್ನು ವಂಚನೆ ಎಂದು ತಳ್ಳಿಹಾಕುವ ಹಾಗಿಲ್ಲ, ಏಕೆಂದರೆ ವಿಎಂ ಇಲ್ಲದ ಸಾದಾ ಕಂಪ್ಯೂಟರು, ನಿಮ್ಮ ಜೇಬಿನ ಮೊಬೈಲು ಸಹ, ಇದನ್ನೇ ಮಾಡುತ್ತವೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಓಡತೊಡಗಿದ ‘ಅಟ್ಲಾಸ್’ ಕಂಪ್ಯೂಟರಿನಿಂದಲೇ ಈ ಪದ್ಧತಿ ಶುರು. ಮೆಮೊರಿಯನ್ನು ಸಣ್ಣ ಸಮಭಾಗಗಳಾಗಿ ಕತ್ತರಿಸಿ ಪುಟ ಎಂದು ಕರೆಯುತ್ತಾರೆ. ಇವತ್ತಿನ ಸಾಮಾನ್ಯ ಅಳತೆ 4096 ಬೈಟ್. ಪ್ರೋಗ್ರಾಮಿಗೆ ಕಾಣುವ ವಿಳಾಸ ಒಂದು, ರ‍್ಯಾಮಿನಲ್ಲಿ ಪುಟ ನಿಜವಾಗಿ ಕುಳಿತ ವಿಳಾಸ ಇನ್ನೊಂದು. ಯಾವುದು ಎಲ್ಲಿ ಎಂಬ ಖಾತೆಪುಸ್ತಕವೇ ಪೇಜ್ ಟೇಬಲ್. ಪ್ರೋಗ್ರಾಮು 1 ಜಿಬಿ ಕೇಳಿದರೆ ಲಿನಕ್ಸ್ ‘ತಗೋ’ ಎಂದು ಖಾತೆಯಲ್ಲಿ ಬರೆದುಕೊಳ್ಳುತ್ತದೆ, ಪುಟ ಕೊಡುವುದಿಲ್ಲ. ಪ್ರೋಗ್ರಾಮು ಆ ಜಾಗವನ್ನು ಮೊದಲ ಸಲ ಮುಟ್ಟಿದಾಗ ಪ್ರೊಸೆಸರ್ ತಡೆದು ನಿಲ್ಲಿಸುತ್ತದೆ, ಲಿನಕ್ಸಿನ ತಿರುಳಾದ ಕರ್ನೆಲ್ ಎದ್ದು ಒಂದು ಖಾಲಿ ಪುಟ ಹುಡುಕಿ ಕೈಗಿಡುತ್ತದೆ. ಕೇಳಿದವರಲ್ಲಿ ಬಹಳ ಜನ ಕೇಳಿದ್ದಷ್ಟನ್ನೂ ಮುಟ್ಟುವುದೇ ಇಲ್ಲ. ಪೀಟರ್ ಡೆನ್ನಿಂಗ್ 1968ರಲ್ಲಿ ಇದಕ್ಕೊಂದು ಗಟ್ಟಿ ಆಧಾರ ಕೊಟ್ಟರು: ಯಾವುದೇ ಪ್ರೋಗ್ರಾಮು ಒಂದು ಹೊತ್ತಿನಲ್ಲಿ ನಿಜವಾಗಿ ಓಡಾಡುವ ಪುಟಗಳ ಗುಂಪು ಚಿಕ್ಕದು, ಆ ಗುಂಪು ರ‍್ಯಾಮಿನಲ್ಲಿದ್ದರೆ ಕೆಲಸ ಸುಗಮ. ಅದಕ್ಕೂ ಜಾಗ ಸಾಲದಾದಾಗ ಯಂತ್ರ ಪುಟಗಳನ್ನು ಡಿಸ್ಕಿಗೆ ಹಾಕುವುದರಲ್ಲಿ, ಮತ್ತೆ ತರುವುದರಲ್ಲಿ ದಿನ ಕಳೆಯುತ್ತದೆ. ಕೆಲಸ ಮುಂದೆ ಸಾಗುವುದಿಲ್ಲ.

ವಿಎಂ ಬಂದಾಗ ಈ ಖಾತೆಪುಸ್ತಕ ಎರಡಾಯಿತು. ವಿಎಂ ಇತ್ತೀಚಿನದಲ್ಲ, ಐಬಿಎಂ 1972ರ ಆಗಸ್ಟ್ 2ರಂದೇ ವಿಎಂ/370 ಘೋಷಿಸಿತ್ತು. ಆದರೆ ಕೋಣೆ ತುಂಬುವ ಆ ಯಂತ್ರಗಳ ವಿದ್ಯೆ ಸಾಮಾನ್ಯ ಪಿಸಿಗೆ ಬರಲು ಇನ್ನೂ ಕಾಲು ಶತಮಾನ ಬೇಕಾಯಿತು. ಸ್ಟ್ಯಾನ್‌ಫರ್ಡ್‌ನ ‘ಡಿಸ್ಕೊ’ ಸಂಶೋಧನೆ 1997ರಲ್ಲಿ ಬಂತು, ಅದರ ಬೆನ್ನಿಗೇ 1998ರಲ್ಲಿ ವಿಎಂವೇರ್ ಕಂಪನಿ ಹುಟ್ಟಿತು. ನನಗೆ ಇವೆಲ್ಲಕ್ಕಿಂತ ಚೆಂದ ಕಾಣುವುದು ಲಿನಕ್ಸಿನಲ್ಲೇ ವಿಎಂ ಓಡಿಸುವ ಕೆವಿಎಂ. ಇಸ್ರೇಲಿನ ಆವಿ ಕಿವಿಟಿ ಬರೆದ ಅದು 2007ರ ಫೆಬ್ರುವರಿಯಲ್ಲಿ ಲಿನಕ್ಸ್ 2.6.20 ಆವೃತ್ತಿಯೊಳಗೆ ಸೇರಿತು. ಮೆಮೊರಿ ನಿಭಾಯಿಸಲು ಹೊಸ ವ್ಯವಸ್ಥೆಯೊಂದನ್ನು ಕಟ್ಟುವ ಗೋಜಿಗೆ ಕಿವಿಟಿ ಹೋಗಲಿಲ್ಲ. ಲಿನಕ್ಸಿನ ಕಣ್ಣಿಗೆ ಒಂದು ವಿಎಂ ಎಂದರೆ ಬ್ರೌಸರಿನ ಹಾಗೆ ಇನ್ನೊಂದು ಪ್ರೋಗ್ರಾಮು, ಗೆಸ್ಟ್ ತನ್ನ ರ‍್ಯಾಮ್ ಎಂದು ನಂಬಿರುವುದು ಆ ಪ್ರೋಗ್ರಾಮು ಕೇಳಿ ಪಡೆದ ಮೆಮೊರಿ. ಮುಟ್ಟಿದಾಗ ಪುಟ ಕೊಡುವ ಹಳೆಯ ವಿದ್ಯೆಯೇ ಇಲ್ಲೂ ನಡೆಯುತ್ತದೆ. 8 ಜಿಬಿಯ ವಿಎಂ ಚಾಲೂ ಮಾಡಿದ ಹೊಸದರಲ್ಲಿ ಹೋಸ್ಟ್ ಖರ್ಚು ಮಾಡಿರುವುದು ಒಂದು ಜಿಬಿಯೂ ಇರಲಿಕ್ಕಿಲ್ಲ.

ಎರಡು ಖಾತೆಪುಸ್ತಕ ಎಂದೆನಲ್ಲ, ಅದರ ಬೆಲೆ ನೋಡಿ. ಗೆಸ್ಟ್ ಒಳಗಿನ ಪ್ರೋಗ್ರಾಮಿನ ವಿಳಾಸವನ್ನು ಗೆಸ್ಟ್ ತನ್ನ ಪೇಜ್ ಟೇಬಲ್ ನೋಡಿ ‘ಭೌತಿಕ’ ವಿಳಾಸಕ್ಕೆ ಬದಲಿಸುತ್ತದೆ. ಆ ಭೌತಿಕ ವಿಳಾಸವೂ ಕಾಲ್ಪನಿಕವೇ. ಅದನ್ನು ನಿಜವಾದ ರ‍್ಯಾಮ್ ವಿಳಾಸಕ್ಕೆ ಹೋಸ್ಟ್ ಮತ್ತೆ ಬದಲಿಸಬೇಕು. ಮೊದಲೆಲ್ಲ ಹೈಪರ್‌ವೈಸರ್, ಎಂದರೆ ಹೋಸ್ಟ್‌ನಲ್ಲಿ ವಿಎಂಗಳನ್ನು ಓಡಿಸುವ ಪ್ರೋಗ್ರಾಮು, ಎರಡನ್ನೂ ಕೂಡಿಸಿ ಮೂರನೆಯದೊಂದು ಗುಪ್ತ ಟೇಬಲ್ ಇಟ್ಟುಕೊಳ್ಳುತ್ತಿತ್ತು. ಗೆಸ್ಟ್ ತನ್ನ ಟೇಬಲಿನಲ್ಲಿ ಏನು ತಿದ್ದಿದರೂ ಇದನ್ನೂ ತಿದ್ದಬೇಕಾದ್ದರಿಂದ ಅದು ಸೋತು ಸುಣ್ಣವಾಗುತ್ತಿತ್ತು. ಎಎಂಡಿ 2007ರಲ್ಲಿ, ಇಂಟೆಲ್ 2008ರಲ್ಲಿ ಈ ಎರಡನೆಯ ಅನುವಾದವನ್ನು ಪ್ರೊಸೆಸರಿಗೇ ಕಲಿಸಿದವು. ಭಾರ ಇಳಿಯಿತು, ಆದರೆ ಬೇರೊಂದು ಏರಿತು. ಟೇಬಲ್ ನಾಲ್ಕು ಅಂತಸ್ತಿನದು. ಗೆಸ್ಟ್‌ನ ಪ್ರತಿ ಅಂತಸ್ತನ್ನು ಓದುವ ಮೊದಲು ಆ ಅಂತಸ್ತು ನಿಜವಾಗಿ ಎಲ್ಲಿದೆ ಎಂದು ತಿಳಿಯಲು ಹೋಸ್ಟ್‌ನ ನಾಲ್ಕು ಅಂತಸ್ತು ಹತ್ತಬೇಕು. ನಾಲ್ಕು ಹತ್ತಿ ಒಂದು ಓದಿದರೆ ಐದು, ಹೀಗೆ ನಾಲ್ಕು ಸಲವಾದರೆ ಇಪ್ಪತ್ತು, ಕೊನೆಯ ವಿಳಾಸಕ್ಕೆ ಇನ್ನೂ ನಾಲ್ಕು. ಒಂದು ಬೈಟ್ ಓದುವ ಮುನ್ನ 24 ಸಲ ಮೆಮೊರಿಗೆ ಹೋಗಿ ಬರುವ ಪಾಡು. ಪ್ರತಿ ಸಲ ಹೀಗಾಗುವುದಿಲ್ಲ, ಇತ್ತೀಚೆಗೆ ಹುಡುಕಿದ ವಿಳಾಸಗಳನ್ನು ನೆನಪಿಟ್ಟುಕೊಳ್ಳುವ ಟಿಎಲ್‌ಬಿ ಎಂಬ ಸಣ್ಣ ಖಜಾನೆ ಪ್ರೊಸೆಸರಿನಲ್ಲಿದೆ. ಆದರೆ 8 ಜಿಬಿ ಎಂದರೆ ಸುಮಾರು 21 ಲಕ್ಷ ಪುಟ. ಟಿಎಲ್‌ಬಿಯಲ್ಲಿ ಹಿಡಿಸುವುದು ಕೆಲವು ಸಾವಿರ.

ಪುಟವನ್ನೇ ದೊಡ್ಡದು ಮಾಡಿದರೆ? 2 ಎಂಬಿಯ ಪುಟವಾದರೆ ಅದೇ 8 ಜಿಬಿಗೆ 4096 ಪುಟ ಸಾಕು. ಲಿನಕ್ಸ್ 2011ರಿಂದ ಇದನ್ನು ತಾನಾಗಿಯೇ ಮಾಡಬಲ್ಲದು. ಕೇಳಲು ಸುಲಭ, ನಡೆಸಲು ತಾಪತ್ರಯ. ನಾಲ್ಕು ಕೆಬಿ ಬೇಕಾದವನಿಗೆ ಎರಡು ಎಂಬಿ ಹೋಗಿ ಉಳಿದದ್ದು ವ್ಯರ್ಥವಾಗುತ್ತದೆ. ದೊಡ್ಡ ಪುಟವನ್ನು ಕೊಡುವ ಮೊದಲು ಸೊನ್ನೆ ತುಂಬಿ ಒರೆಸಲು ಹೊತ್ತು ಹಿಡಿಯುತ್ತದೆ. ಯಾರಿಗೆ ಕೊಟ್ಟರೆ ಲಾಭ ಹೆಚ್ಚೆಂದು ಕರ್ನೆಲಿಗೆ ತಿಳಿಯುವುದಿಲ್ಲ. ಸೋಲಾಪುರದಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿಗೆ ಕೆಲಸ ಹುಡುಕಿ ಹೋಗುವ ನಮ್ಮ ಹುಡುಗರು ಇಲ್ಲಿ ಒಂದು ವಿಷಯ ತಿಳಿದಿರಲಿ: ಈ ಮೂರು ತಾಪತ್ರಯಗಳನ್ನೂ ಒಟ್ಟಿಗೆ ಕೈಗೆತ್ತಿಕೊಂಡ ‘ಹಾಕ್‌ಐ’ ಎಂಬ 2019ರ ಕೆಲಸ ಅದೇ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಆಶಿಶ್ ಪನ್ವಾರ್, ಕೆ. ಗೋಪಿನಾಥ್, ಜತೆಗೆ ದಿಲ್ಲಿ ಐಐಟಿಯ ಸೊರವ್ ಬನ್ಸಲ್ ಬರೆದದ್ದು. ಪುಟಗಳನ್ನು ಬಿಡುವಿನಲ್ಲೇ ಒರೆಸಿಟ್ಟುಕೊಳ್ಳುವುದು, ದೊಡ್ಡ ಪುಟದೊಳಗೆ ಬರೀ ಸೊನ್ನೆ ತುಂಬಿ ಬಿದ್ದಿರುವ ಭಾಗಗಳನ್ನು ಹಿಂದಕ್ಕೆ ಪಡೆಯುವುದು, ವಿಳಾಸ ಹುಡುಕಾಟದಲ್ಲಿ ಯಾರು ನಿಜವಾಗಿ ನರಳುತ್ತಿದ್ದಾರೆ ಎಂದು ಪ್ರೊಸೆಸರಿನ ಮಾಪಕಗಳನ್ನೇ ಕೇಳಿ ಅವರಿಗೆ ಮೊದಲು ದೊಡ್ಡ ಪುಟ ಕೊಡುವುದು ಅದರ ದಾರಿ.

ಅದೇ ಸಂಸ್ಥೆಯ ಅರ್ಕಪ್ರವ ಬಸು, ಗೋಪಿನಾಥ್, ಪನ್ವಾರ್ ಮತ್ತು ಹೊರಗಿನ ಜತೆಗಾರರು 2021ರಲ್ಲಿ ಹೊರತಂದ ‘ವಿಮೈಟೋಸಿಸ್’ ನೇರವಾಗಿ ವಿಎಂಗಳದೇ ಕಥೆ. ದೊಡ್ಡ ಸರ್ವರಿನಲ್ಲಿ ಪ್ರೊಸೆಸರುಗಳು ಎರಡೋ ನಾಲ್ಕೋ ಇದ್ದು, ಪ್ರತಿಯೊಂದರ ಮಗ್ಗುಲಲ್ಲಿ ಅದರದೇ ರ‍್ಯಾಮ್ ಇರುತ್ತದೆ. ಪಕ್ಕದ್ದನ್ನು ಓದುವುದು ಬೇಗ, ಆಚೆಯದ್ದನ್ನು ಓದುವುದು ತಡ. ಮಾಹಿತಿಯನ್ನು ಹತ್ತಿರ ಇಡಬೇಕೆಂದು ದಶಕಗಳಿಂದ ಎಲ್ಲರೂ ಹೆಣಗಿದ್ದರು. ಪೇಜ್ ಟೇಬಲ್ ಎಲ್ಲಿದೆ ಎಂದು ಹೆಚ್ಚಿನವರು ತಲೆ ಕೆಡಿಸಿಕೊಂಡಿರಲಿಲ್ಲ, ಅದು ಎಷ್ಟು ಮಹಾ ಜಾಗ ತಿನ್ನುತ್ತದೆ ಎಂಬ ತಾತ್ಸಾರದಿಂದ. ಟೇಬಲ್ ದೂರದ ರ‍್ಯಾಮಿನಲ್ಲಿ ಬಿದ್ದರೆ ವಿಎಂ ಒಳಗಿನ ಕೆಲಸ 3.1 ಪಟ್ಟಿನವರೆಗೂ ನಿಧಾನವಾಗಬಲ್ಲದು ಎಂದು ಇವರು ಅಳೆದು ತೋರಿಸಿದರು. ಪರಿಹಾರ ಸರಳ: ಟೇಬಲನ್ನು ಕೆಲಸದ ಹತ್ತಿರಕ್ಕೆ ಸರಿಸು, ಇಲ್ಲವೇ ಪ್ರತಿ ಪ್ರೊಸೆಸರಿನ ಮಗ್ಗುಲಲ್ಲಿ ಒಂದೊಂದು ಪ್ರತಿ ಇಡು.

ಇದು ವೇಗದ ಮಾತಾಯಿತು. ಪಾಲಿನ ಜಗಳ ಇನ್ನೂ ಕೆಟ್ಟದ್ದು. ಹೋಸ್ಟ್‌ನಲ್ಲಿ ರ‍್ಯಾಮ್ ಮುಗಿಯುತ್ತ ಬಂತು ಎನ್ನಿ. ಯಾವ ಪುಟ ಹಿಂದಕ್ಕೆ ಪಡೆಯಬೇಕು? ಯಾವುದು ಮುಖ್ಯ, ಯಾವುದು ಕಸ ಎಂದು ಗೆಸ್ಟ್‌ಗೆ ಗೊತ್ತು, ಆದರೆ ಅಭಾವವಿದೆ ಎಂಬುದೇ ಅದಕ್ಕೆ ಗೊತ್ತಿಲ್ಲ. ಅಭಾವ ಹೋಸ್ಟ್‌ಗೆ ಗೊತ್ತು, ಒಳಗಿನದು ಗೊತ್ತಿಲ್ಲ. ಹೋಸ್ಟ್ ಊಹೆಯ ಮೇಲೆ, ಬಹಳ ದಿನದಿಂದ ಯಾರೂ ಮುಟ್ಟದ ಒಂದು ಪುಟವನ್ನು ಡಿಸ್ಕಿಗೆ ಹಾಕುತ್ತದೆ. ಸ್ವಲ್ಪ ಹೊತ್ತಿಗೆ ಗೆಸ್ಟ್ ಒಳಗೂ ಜಾಗ ಸಾಲದಾಗಿ, ಅದೂ ಅದೇ ತರ್ಕ ಹಿಡಿದು ಅದೇ ಹಳೆಯ ಪುಟವನ್ನು ತನ್ನ ಡಿಸ್ಕಿಗೆ ಬರೆಯಲು ಹೊರಡುತ್ತದೆ. ಬರೆಯಬೇಕಾದರೆ ಮೊದಲು ಓದಬೇಕು. ಆದ್ದರಿಂದ ಹೋಸ್ಟ್ ಆ ಪುಟವನ್ನು ಡಿಸ್ಕಿನಿಂದ ರ‍್ಯಾಮಿಗೆ ತರುತ್ತದೆ, ಗೆಸ್ಟ್ ಅದನ್ನು ಮತ್ತೆ ಡಿಸ್ಕಿಗೆ ಹಾಕಲಿ ಎಂಬ ಒಂದೇ ಕಾರಣಕ್ಕೆ! ಈ ವಿಚಿತ್ರವನ್ನು 1974ರಲ್ಲೇ ಗೋಲ್ಡ್‌ಬರ್ಗ್ ಮತ್ತು ಹ್ಯಾಸಿಂಗರ್ ಗುರುತಿಸಿದ್ದರು.

ಬಿಡಿಸಿಕೊಳ್ಳುವ ಜಾಣ ಉಪಾಯವನ್ನು ವಿಎಂವೇರ್‌ನ ಕಾರ್ಲ್ ವಾಲ್ಡ್‌ಸ್ಪರ್ಗರ್ 2002ರಲ್ಲಿ ವಿವರಿಸಿದರು. ಹೆಸರು ಬಲೂನು. ಗೆಸ್ಟ್ ಒಳಗೆ ಹೋಸ್ಟ್‌ನ ಕಡೆಯವನೊಬ್ಬನನ್ನು ಡ್ರೈವರ್ ವೇಷದಲ್ಲಿ ಕೂರಿಸುವುದು. ರ‍್ಯಾಮ್ ಬೇಕಾದಾಗ ಹೋಸ್ಟ್ ಅವನಿಗೆ ಸನ್ನೆ ಮಾಡುತ್ತದೆ. ಅವನು ಗೆಸ್ಟ್‌ನ ಮುಂದೆ ನಿಂತು ‘ನನಗೆ 1 ಜಿಬಿ ಬೇಕು’ ಎನ್ನುತ್ತಾನೆ. ಗೆಸ್ಟ್ ತನಗೆ ಬೇಡದ ಪುಟಗಳನ್ನು ತಾನೇ ಆರಿಸಿ ಅವನ ಕೈಗಿಡುತ್ತದೆ. ಅವನು ಆ ಪುಟಗಳನ್ನು ಮುಟ್ಟುವುದೂ ಇಲ್ಲ, ಹೋಸ್ಟ್‌ಗೆ ದಾಟಿಸುತ್ತಾನೆ. ಆಯ್ಕೆ ಗೊತ್ತಿದ್ದವರ ಕೈಯಲ್ಲೇ ಉಳಿಯಿತು. ಲಿನಕ್ಸಿನಲ್ಲಿ ಇದೇ ವಿದ್ಯೆ ವರ್ಟಿಯೊ-ಬಲೂನ್. ಬಲೂನು ಅತಿಯಾಗಿ ಉಬ್ಬಿದರೆ ಮಾತ್ರ ಗೆಸ್ಟ್ ಒಳಗಿನ ಡೇಟಾಬೇಸೇ ಉಸಿರುಗಟ್ಟುತ್ತದೆ.

ಇನ್ನೊಂದು ಉಪಾಯ ಒಂದೇ ತರದ ಪುಟಗಳನ್ನು ಕೂಡಿಸುವುದು. ಇಪ್ಪತ್ತು ವಿಎಂಗಳಲ್ಲಿ ಒಂದೇ ಉಬುಂಟು ಲಿನಕ್ಸ್ ಇದ್ದರೆ ಇಪ್ಪತ್ತರಲ್ಲೂ ಅದೇ ಅಕ್ಷರ ಅದೇ ಪುಟ ಸಾವಿರಾರು ಇರುತ್ತವೆ. 2009ರ ಡಿಸೆಂಬರಿನಲ್ಲಿ ಲಿನಕ್ಸ್ 2.6.32ರೊಂದಿಗೆ ಬಂದ ಕೆಎಸ್‌ಎಂ ಅವನ್ನು ಹುಡುಕಿ, ಒಂದನ್ನು ಉಳಿಸಿ, ಉಳಿದವರಿಗೆಲ್ಲ ಅದನ್ನೇ ತೋರಿಸುತ್ತದೆ. ಯಾರಾದರೂ ಅದರ ಮೇಲೆ ಬರೆಯಲು ಹೊರಟರೆ ಆಗ ಅವರಿಗೊಂದು ಬೇರೆ ಪ್ರತಿ. ಕಾಲೇಜಿನ ಲ್ಯಾಬಿಗೆ ಇದು ಹೇಳಿ ಮಾಡಿಸಿದ್ದು. ಹತ್ತು ಜನರಿಗೆ ಬಾಡಿಗೆ ಕೊಟ್ಟ ಸರ್ವರಿನಲ್ಲಿ ಇದನ್ನು ನಾನಂತೂ ಹಚ್ಚಿಡುವುದಿಲ್ಲ. ಹಂಚಿಕೊಂಡ ಪುಟಕ್ಕೆ ಬರೆಯಲು ಹಿಡಿಯುವ ಹೊತ್ತು ಸ್ವಲ್ಪ ಹೆಚ್ಚು. ಆ ಹೊತ್ತನ್ನು ಅಳೆದು, ‘ನೆರೆಯವನ ಹತ್ತಿರವೂ ಇಂಥದೇ ಪುಟ ಇದೆ’ ಎಂದು ಕಂಡುಹಿಡಿಯಬಹುದೆಂದು ಸಂಶೋಧಕರು ತೋರಿಸಿದ್ದಾರೆ. ಬೇರೆ ಬೇರೆ ವಿಎಂಗಳ ನಡುವೆ ಪುಟ ಹಂಚುವುದನ್ನು ತಾನಾಗಿ ನಡೆಯದಂತೆ ನಿಲ್ಲಿಸುವುದಾಗಿ ವಿಎಂವೇರ್ 2014ರಲ್ಲಿ ಹೇಳಿದ್ದು ಇಂಥ ಅಂಜಿಕೆಯಿಂದಲೇ.

ಒಂದು ಸಣ್ಣ ಗೊಂದಲ ನಮ್ಮ ಕಡೆ ಬಹಳ ಜನರನ್ನು ಕಾಡುತ್ತದೆ. ಗೆಸ್ಟ್ ಲಿನಕ್ಸ್ ಖಾಲಿ ಬಿದ್ದ ರ‍್ಯಾಮನ್ನು ಸುಮ್ಮನೆ ಬಿಡುವುದಿಲ್ಲ, ಡಿಸ್ಕಿನಿಂದ ಓದಿದ್ದನ್ನೆಲ್ಲ ಅಲ್ಲಿ ಕೂಡಿಡುತ್ತದೆ. ನಾಲ್ಕು ದಿನ ಓಡಿದ ವಿಎಂ ಹೋಸ್ಟ್‌ನ ಕಣ್ಣಿಗೆ 8 ಜಿಬಿಯನ್ನೂ ತಿಂದಂತೆ ಕಾಣುತ್ತದೆ, ಒಳಗೆ ನೋಡಿದರೆ ನಿಜವಾದ ಬಳಕೆ ಎರಡೇ ಜಿಬಿ. ಒಮ್ಮೆ ಮುಟ್ಟಿದ ಪುಟ ಗೆಸ್ಟ್‌ಗೆ ಬೇಡವಾದರೂ ಹೋಸ್ಟ್‌ಗೆ ಆ ಸುದ್ದಿ ಮುಟ್ಟುತ್ತಿರಲಿಲ್ಲ. 2020ರ ಲಿನಕ್ಸ್ 5.7ರಿಂದ ಗೆಸ್ಟ್ ತನ್ನ ಖಾಲಿ ಪುಟಗಳ ಪಟ್ಟಿಯನ್ನು ಬಲೂನಿನ ಮೂಲಕ ವರದಿ ಮಾಡಬಲ್ಲದು. ಕೂಡಿಟ್ಟ ಪುಟಗಳು ಈ ಖಾಲಿ ಪಟ್ಟಿಗೆ ಬರುವುದಿಲ್ಲ. ಆದ್ದರಿಂದ ಗೆಸ್ಟ್ ಒಳಗೆ ‘ಫ್ರೀ’ ಎಂಬ ಆಜ್ಞೆ ಕೊಟ್ಟಾಗ ಅದೇ ಹೆಸರಿನ ಅಂಕಣ ನೋಡಿ ಗಾಬರಿಯಾಗಬೇಡಿ, ‘ಅವೈಲಬಲ್’ ಅಂಕಣ ನೋಡಿ.

ಎಲ್ಲ ಉಪಾಯ ಸೋತರೆ? ಲಿನಕ್ಸಿನಲ್ಲಿ ಕೊನೆಯ ಅಸ್ತ್ರ ಒಒಎಂ ಕಿಲ್ಲರ್. ಕೊಡಲು ಒಂದು ಪುಟವೂ ಉಳಿಯದಾದಾಗ ಕರ್ನೆಲ್ ಓಡುತ್ತಿರುವ ಪ್ರೋಗ್ರಾಮುಗಳಿಗೆಲ್ಲ ಅಂಕ ಹಾಕಿ, ಮೆಮೊರಿ ಹೆಚ್ಚು ತಿಂದದ್ದನ್ನು ಸಾಯಿಸುತ್ತದೆ. ಕೆವಿಎಂ ಹೋಸ್ಟ್‌ನಲ್ಲಿ ಎಲ್ಲಕ್ಕಿಂತ ದೊಡ್ಡ ಪ್ರೋಗ್ರಾಮು ಯಾವುದು? ವಿಎಂಗಳಲ್ಲೇ ಒಂದು. ಒಳಗಿದ್ದ ಲಿನಕ್ಸಿಗೆ ಏನಾಯಿತೆಂದು ತಿಳಿಯುವ ಮೊದಲೇ ಅದರ ಜೀವ ಹೋಗಿರುತ್ತದೆ. ಅದರ ದಾಖಲೆಯಲ್ಲಿ ತಪ್ಪಿನ ಒಂದು ಸಾಲೂ ಇರುವುದಿಲ್ಲ. ಕಾರಣ ಹುಡುಕುವ ಹುಡುಗ ಗೆಸ್ಟ್ ಒಳಗೆ ಎಷ್ಟು ಕೆದಕಿದರೂ ಸಿಗದು, ಹೋಸ್ಟ್‌ನ ಕರ್ನೆಲ್ ಲಾಗ್ ನೋಡಬೇಕು. ‘ಸರ್ವರ್ ಡೌನ್’ ಆಗಲು ನೂರು ಕಾರಣ ಇರಬಹುದು, ನೆಟ್ ಹೋಗಿದ್ದರೂ ನಾವು ಅದನ್ನೇ ಹೇಳುತ್ತೇವೆ. ನೂರರಲ್ಲಿ ಇದೂ ಒಂದು, ಹೊರಗಿನಿಂದ ಪತ್ತೆ ಹಚ್ಚಲು ಕಷ್ಟವಾದ ಒಂದು.

ನನ್ನ ತೀರ್ಮಾನ ಇಷ್ಟು: ಪ್ರೊಸೆಸರನ್ನು ಧಾರಾಳವಾಗಿ ಓವರ್‌ಕಮಿಟ್ ಮಾಡಿ, ಸಾಲದಾದರೆ ಕೆಲಸ ನಿಧಾನವಾಗುತ್ತದೆ ಅಷ್ಟೇ. ಮೆಮೊರಿಯಲ್ಲಿ ಕೈ ಬಿಗಿ ಹಿಡಿಯಿರಿ, ಸಾಲದಾದರೆ ಕೆಲಸ ಸಾಯುತ್ತದೆ. ಬಲೂನು, ಕೆಎಸ್‌ಎಂ ಎಲ್ಲ ಅಡಚಣೆಯ ದಿನಕ್ಕೆ ಇರುವವು, ಅವನ್ನೇ ನಂಬಿ ದಿನನಿತ್ಯದ ಸಂಸಾರ ಹೂಡಬಾರದು. ಇಂಜಿನಿಯರಿಂಗ್ ಓದುವ ನಮ್ಮ ಹುಡುಗ ಹುಡುಗಿಯರು 8 ಜಿಬಿಯ ಲ್ಯಾಪ್‌ಟಾಪಿನಲ್ಲಿ ವರ್ಚುವಲ್‌ಬಾಕ್ಸ್ ಹಾಕಿ ಉಬುಂಟುಗೆ 6 ಜಿಬಿ ಕೊಟ್ಟು, ಯಂತ್ರ ತೆವಳುತ್ತದೆ ಎಂದು ಕೊರಗುವುದುಂಟು. ಕೆಳಗಿರುವ ವಿಂಡೋಸ್‌ಗೂ ಬದುಕಲು ಜಾಗ ಬೇಕು. ಮೆಮೊರಿ ಆರಿಸುವ ಪಟ್ಟಿಯಲ್ಲಿ ಹಸಿರು ಬಣ್ಣ ಮುಗಿಯುವ ಮೊದಲೇ ನಿಲ್ಲಿಸಿ. 3 ಜಿಬಿಯಲ್ಲೂ ಉಬುಂಟು ಕಲಿಕೆಯ ಮಟ್ಟಿಗೆ ಓಡುತ್ತದೆ.

ಅಕ್ಕಲಕೋಟ ರೋಡ್ ಎಂಐಡಿಸಿಯ ಟವೆಲ್ ಕಾರ್ಖಾನೆಯವರು, ಪತಸಂಸ್ಥೆಗಳವರು, ಶಾಲೆಗಳವರು ಲೆಕ್ಕಪತ್ರವನ್ನು ಬಾಡಿಗೆ ಸರ್ವರಿಗೆ ಹಾಕುವಾಗ ತಿಂಗಳ ಬಾಡಿಗೆಯನ್ನಷ್ಟೇ ಚೌಕಾಸಿ ಮಾಡಬೇಡಿ. ಕೊಡುವವರನ್ನು ಎರಡು ಪ್ರಶ್ನೆ ಕೇಳಿ: ನಮಗೆ ಕೊಟ್ಟ ರ‍್ಯಾಮ್ ನಮಗೇ ಮೀಸಲೋ, ಓವರ್‌ಕಮಿಟ್ ಮಾಡಿದ್ದೋ? ಹೋಸ್ಟ್‌ನಲ್ಲಿ ಮೆಮೊರಿ ಮುಗಿದರೆ ಮೊದಲು ಯಾರ ವಿಎಂ ಹೋಗುತ್ತದೆ? ಉತ್ತರವನ್ನು ಬಾಯಿಮಾತಿನಲ್ಲಿ ಒಪ್ಪದೆ ಕರಾರುಪತ್ರದಲ್ಲಿ ಬರೆಸಿಕೊಳ್ಳಿ.